ಎಡಗಾಲು ಎಷ್ಟು ಹಿಂದೆ? ಓಪನ್ ಸ್ಟಾನ್ಸ್ ಗದ್ದೆಯಲ್ಲಿ ಅಳೆದುಕೊಂಡ ಬಗೆ

ಗಾಲ್ಫ್‌ನಲ್ಲಿ ಬಲಗೈ ಆಟಗಾರ ಎಡಗಾಲನ್ನು ಗುರಿಯ ಗೆರೆಯಿಂದ ಹಿಂದಕ್ಕೆ ಎಳೆದು ನಿಂತರೆ ಅದು ಓಪನ್ ಸ್ಟಾನ್ಸ್. ಹೇಳಲು ಇಷ್ಟೇ. ಎಷ್ಟು ಎಳೆಯಬೇಕೆಂದು ಕೇಳಿದರೆ ಹೆಚ್ಚಿನವರ ಉತ್ತರ "ಸ್ವಲ್ಪ". ಕೆಡುವುದು ಆ ಸ್ವಲ್ಪದಲ್ಲೇ. ಹಾಗಾಗಿ ಹಗ್ಗ, ಸಲಾಕೆ, ಟೇಪು ಹಿಡಿದು ಅಳೆದೇ ಇದನ್ನು ಕೂರಿಸಿಕೊಂಡೆ.

ಆಡುವುದು ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನದಲ್ಲಾದರೂ ಅಭ್ಯಾಸವೆಲ್ಲ ಕಾಸರಗೋಡಿನ ಮನೆಯ ಬದಿಯ, ಕೊಯ್ಲು ಮುಗಿದ ಗದ್ದೆಯಲ್ಲಿ. ಪದವಿನ ಮುರಕಲ್ಲಿನ ಮೇಲೆ ಮಾತ್ರ ಬೇಡ. ಅಲ್ಲಿ ಕ್ಲಬ್ಬಿನ (ಹೊಡೆಯುವ ಕೋಲಿನ) ಅಡಿ ಕಲ್ಲಿಗೆ ಬಡಿದು ಪುಟಿಯುತ್ತದೆ, ಚೆಂಡಿನ ನೆತ್ತಿ ಸವರುತ್ತದೆ, ಮಣಿಕಟ್ಟಿಗೆ ಪೆಟ್ಟು ಬೇರೆ.

ಅಡಿಕೆ ಸಸಿಯ ಸಾಲು ಹಿಡಿಯುವ ಹಗ್ಗವನ್ನೇ ಎರಡು ಗೂಟಗಳ ನಡುವೆ 3 ಮೀಟರ್ ಉದ್ದಕ್ಕೆ, ದೂರದ ಒಂದು ತೆಂಗಿನ ಮರಕ್ಕೆ ನೇರವಾಗಿ ಕಟ್ಟುತ್ತೇನೆ. ಇದು ಗುರಿಯ ಗೆರೆ. ಚೆಂಡು ಹಗ್ಗದಿಂದ ಒಂದು ಗೇಣು ಈಚೆಗೆ. ಕಾಲಬೆರಳುಗಳ ಮುಂದೆ ಒಂದು ಅಡಿಕೆ ಸಲಾಕೆ, ಮೊದಲು ಹಗ್ಗಕ್ಕೆ ಸಮಾನಾಂತರವಾಗಿ. ಎರಡೂ ಕಾಲು ಸಲಾಕೆಗೆ ತಾಗಿಸಿ ನಿಂತು, ಚೆಂಡಿನ ಜಾಗ ಗೊತ್ತುಮಾಡಿಕೊಂಡ ಮೇಲೆಯೇ ಎಡಗಾಲು ಹಿಂದಕ್ಕೆ. ಈ ಕ್ರಮ ತಪ್ಪಿಸಬಾರದು. ಕಾಲು ಎಳೆದ ಮೇಲೆ ಮೇಲಿನಿಂದ ನೋಡಿದರೆ ಚೆಂಡು ಬಲಗಾಲಿನ ಕಡೆಗೆ ಸರಿದಂತೆ ಕಾಣುತ್ತದೆ. ಅದನ್ನು ನಂಬಿ ಚೆಂಡನ್ನೋ ನಮ್ಮನ್ನೋ ಸರಿಸುತ್ತಾ ಹೋದರೆ ಪ್ರತಿ ಸಲವೂ ಹೊಸ ಆಟ.

ಇನ್ನು ಲೆಕ್ಕ. ಹಿಮ್ಮಡಿಗಳ ನಡುವೆ 45 ಸೆಂ.ಮೀ. ಅಂತರವಿದ್ದು ಎಡಗಾಲು 5 ಸೆಂ.ಮೀ. ಹಿಂದೆ ಹೋದರೆ ಕಾಲಿನ ಗೆರೆ ಸುಮಾರು 6 ಡಿಗ್ರಿ ಎಡಕ್ಕೆ ತಿರುಗುತ್ತದೆ. ವೆಡ್ಜ್ (ಚಿಕ್ಕ, ಎತ್ತರದ ಹೊಡೆತಕ್ಕೆ ಬಳಸುವ ಕ್ಲಬ್) ಹಿಡಿದು 20 ಸೆಂ.ಮೀ. ಅಂತರದಲ್ಲಿ ನಿಂತು ಅದೇ 5 ಸೆಂ.ಮೀ. ಎಳೆದರೆ 14 ಡಿಗ್ರಿ! ಎಳೆತ ಒಂದೇ, ಕೋನ ಎರಡು ಪಟ್ಟಿಗಿಂತ ಹೆಚ್ಚು. ಐರನ್‌ನಲ್ಲಿ (ಉದ್ದದ ಹೊಡೆತದ ಕ್ಲಬ್) ಸರಿಯಾಗಿ ಹೊಡೆಯುವವರು ಚಿಕ್ಕ ಹೊಡೆತವಾದ ಚಿಪ್‌ನಲ್ಲಿ ಎಡಕ್ಕೆ ಎಳೆದು ಹೊಡೆಯುವುದಕ್ಕೆ ಬಹಳ ಸಲ ಇದೇ ಕಾರಣ. ಚಿಕ್ಕ ಹೊಡೆತಕ್ಕೆ ನನಗೆ 2ರಿಂದ 3 ಸೆಂ.ಮೀ. ಸಾಕು.

ಪಾದದ ತುದಿಯನ್ನು ಹೊರಕ್ಕೆ ತಿರುಗಿಸುವುದು ಬೇರೆ ವಿಷಯ. ಅದರಿಂದ ಸೊಂಟ ತಿರುಗಲು ಸಲೀಸು, ನಿಜ. ಆದರೆ ಹಿಮ್ಮಡಿ ಇದ್ದಲ್ಲೇ ಇದ್ದರೆ ಸ್ಟಾನ್ಸ್ ಓಪನ್ ಆಗಲಿಲ್ಲ. ಹಿಮ್ಮಡಿಗಳ ಹಿಂದೆ ಇನ್ನೊಂದು ಸಲಾಕೆ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಕಾಲಿಗಿಂತ ಹೆಚ್ಚು ಮೋಸ ಮಾಡುವುದು ಭುಜ. ಕ್ಲಬ್ಬನ್ನು ಎದೆಗೆ ಅಡ್ಡ ಹಿಡಿದು ಅದು ಎತ್ತ ತೋರಿಸುತ್ತದೆಂದು ನೋಡಿ. ವೆಡ್ಜ್‌ನ ಚಿಕ್ಕ ಹೊಡೆತಕ್ಕೆ ಕಾಲು ಓಪನ್, ಭುಜ ಹೆಚ್ಚುಕಡಿಮೆ ಗುರಿಯ ಗೆರೆಗೆ ಸಮಾನಾಂತರ. ಉದ್ದೇಶ ಚೆಂಡನ್ನು ಬಾಗಿಸುವುದಲ್ಲ, ಅರ್ಧ ಸ್ವಿಂಗ್‌ನಲ್ಲೂ ಸೊಂಟ ದಾರಿ ಬಿಡಲಿ ಎಂಬುದು. ಫೇಡ್‌ಗಾದರೆ (ಎಡಕ್ಕೆ ಹೊರಟು ಸ್ವಲ್ಪ ಬಲಕ್ಕೆ ಬಾಗುವ ಹೊಡೆತ) ಭುಜವೂ ಕಾಲಿನ ಜೊತೆಗೇ ಎಡಕ್ಕೆ. ಈ ಎರಡನ್ನು ಬೆರೆಸಿಕೊಂಡವರೇ ಜಾಸ್ತಿ, ಮಾರಾಯ್ರೆ.

ಫೇಡ್‌ನ ಹಳೆಯ ಪಾಠ ಹೀಗಿತ್ತು: ಕಾಲು, ಭುಜ ಎಡಕ್ಕೆ, ಫೇಸ್ (ಚೆಂಡಿಗೆ ತಾಗುವ ಕ್ಲಬ್ಬಿನ ಮುಖ) ನೇರ ಗುರಿಗೆ. ಇದರಲ್ಲಿ ಚೆಂಡು ಗುರಿಯ ಬಲಕ್ಕೆ ಹೋಗಿ ಬೀಳುತ್ತದೆ. ಚೆಂಡು ಹೊರಡುವುದು ಮುಖ್ಯವಾಗಿ ಫೇಸ್ ನೋಡುವ ದಿಕ್ಕಿಗೆ; ಬಾಗುವುದು ಫೇಸ್‌ಗೂ ಸ್ವಿಂಗ್‌ನ ದಾರಿಗೂ ಇರುವ ವ್ಯತ್ಯಾಸದಿಂದ. ಹಾಗಾಗಿ ಕಾಲು 6 ಡಿಗ್ರಿ ಎಡಕ್ಕಿದ್ದರೆ ಫೇಸ್ 3 ಡಿಗ್ರಿ ಎಡಕ್ಕೆ ಇಡುತ್ತೇನೆ. 150 ಮೀಟರ್ ದೂರದಲ್ಲಿ 3 ಡಿಗ್ರಿ ಎಂದರೆ ಸುಮಾರು 8 ಮೀಟರ್. ಅಷ್ಟು ಎಡಕ್ಕೆ ಹೊರಟ ಚೆಂಡು ಬಲಕ್ಕೆ ತಿರುಗಿ ಬರಬೇಕು. ದೂರ ಸ್ವಲ್ಪ ಕಡಿಮೆಯಾಗುತ್ತದೆ, ಒಂದು ಕ್ಲಬ್ ದೊಡ್ಡದು ತೆಗೆದುಕೊಳ್ಳಿ. ಸ್ವಿಂಗ್ ಮಾತ್ರ ಕಾಲಿನ ಗೆರೆಯಲ್ಲೇ ಸಾಗಲಿ. ಎಡಕ್ಕೆ ನಿಂತು ಬಲಕ್ಕೆ ದೂಡಿದರೆ ಫೇಡ್ ಹುಟ್ಟುವುದಿಲ್ಲ. ಅದಕ್ಕಿಂತ ಎಡಕ್ಕೆ ಕಡಿದರೆ ಸ್ಲೈಸ್, ಅಂದರೆ ಚೆಂಡು ಅತಿಯಾಗಿ ಬಲಕ್ಕೆ ಬಾಗುತ್ತದೆ. ಅಮೆರಿಕದ ಆಟಗಾರ ಲೀ ಟ್ರೆವಿನೊ ಓಪನ್ ನಿಂತು ಫೇಡ್ ಹೊಡೆಯುತ್ತಲೇ ಆರು ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿ) ಗೆದ್ದವರು, 1968ರಿಂದ 1984ರ ನಡುವೆ. ಅವರ ನಿಲುವನ್ನು ಮಾತ್ರ ನಕಲು ಮಾಡಿ ಸ್ವಿಂಗ್ ಬಿಟ್ಟರೆ ಪ್ರಯೋಜನವಿಲ್ಲ.

ಬಂಕರ್‌ಗೆ (ಮೈದಾನದ ಮರಳಿನ ಗುಂಡಿಗೆ) ಬೇಕಲದ ಕಡಲತೀರದ ಮರಳಿನಷ್ಟು ಒಳ್ಳೆಯ ಅಭ್ಯಾಸದ ಜಾಗ ಸಿಕ್ಕಲಿಕ್ಕಿಲ್ಲ. ಬೆಳಿಗ್ಗೆ ಜನ ಇಲ್ಲದಾಗ, ಚೆಂಡು ಇಲ್ಲದೆ. ಮರಳಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಅದು ಎಡ ಹಿಮ್ಮಡಿಯ ನೇರಕ್ಕಿಂತ 5 ಸೆಂ.ಮೀ. ಬಲಗಾಲಿನ ಕಡೆಗೆ ಬರುವಂತೆ ನಿಂತು, ಪ್ರತಿ ಸ್ವಿಂಗ್‌ಗೂ ಗೆರೆಯ ಗುಂಟ ಒಂದೊಂದು ಹೆಜ್ಜೆ ಸರಿಯುತ್ತಾ ಗೆರೆಯನ್ನೇ ಹೊಡೆಯುವುದು. ಫೇಸ್ ಮೊದಲು ತೆರೆಯಬೇಕು (ಬಲಕ್ಕೆ ತಿರುಗಿಸಬೇಕು), ಆಮೇಲೆ ಗ್ರಿಪ್ ಹಿಡಿಯಬೇಕು. ಹಿಡಿದ ಮೇಲೆ ಮಣಿಕಟ್ಟು ತಿರುಗಿಸಿ ತೆರೆದರೆ ಹೊಡೆಯುವಾಗ ಅದು ಮುಚ್ಚಿಕೊಳ್ಳುತ್ತದೆ. ಪಾದ 2 ಸೆಂ.ಮೀ. ಹೂತರೆ ಗ್ರಿಪ್ಪನ್ನೂ ಅಷ್ಟೇ ಕೆಳಗೆ ಹಿಡಿಯುವುದು. ಸ್ಟಾನ್ಸನ್ನು ಫೇಸ್‌ಗಿಂತ ಕಡಿಮೆಯೇ ತೆರೆಯುತ್ತೇನೆ, ಅತಿಯಾದರೆ ಅಡ್ಡ ಕಡಿತವಾಗಿ ಚೆಂಡು ಮುಂದೆ ಹೋಗುವುದಿಲ್ಲ. ಒಣ ಮರಳಿನಲ್ಲಿ ತೆರೆದ ಫೇಸ್‌ನ ಬೌನ್ಸ್ (ಕ್ಲಬ್ಬಿನ ಅಡಿಯ ಉಬ್ಬು) ಜಾರಿಸಿಕೊಂಡು ಹೋಗುತ್ತದೆ. ಅಲೆ ನೆನೆಸಿದ ಗಟ್ಟಿ ಮರಳಿನಲ್ಲಿ ಅದೇ ಬೌನ್ಸ್ ಪುಟಿಯುತ್ತದೆ, ಅಲ್ಲಿ ಫೇಸ್ ಅಷ್ಟು ತೆರೆಯದಿರುವುದೇ ಸರಿ.

ಶ್ಯಾಂಕ್ (ಚೆಂಡು ಬಲಕ್ಕೆ ಸಿಡಿಯುವ ತಪ್ಪು ಹೊಡೆತ) ಬರತೊಡಗಿದರೆ ಮೊದಲು ತೂಕ ನೋಡುತ್ತೇನೆ. ಎಡಗಾಲು ಹಿಂದೆ ಹೋದಾಗ ಮೈಭಾರ ಹಿಮ್ಮಡಿಗೆ ಬೀಳುತ್ತದೆ, ಹೊಡೆಯುವಾಗ ಮುಂದಕ್ಕೆ ವಾಲುತ್ತದೆ, ಕ್ಲಬ್ಬಿನ ಕತ್ತು ಚೆಂಡಿಗೆ ತಾಗುತ್ತದೆ. ಹೊಡೆತ ಚೆಂಡಿನ ಹಿಂದಿನ ಮಣ್ಣಿಗೆ ಬೀಳುತ್ತಿದ್ದರೆ ಚೆಂಡಿನ 10 ಸೆಂ.ಮೀ. ಹಿಂದೆ ಒಂದು ಅಡಿಕೆ ಹಾಳೆ. ಹಾಳೆ ಸದ್ದು ಮಾಡಿದರೆ ತಪ್ಪು ಗೊತ್ತಾಯಿತು. ಚೆಂಡಿನ ಬದಲು ಹಣ್ಣಡಿಕೆ ಇಟ್ಟೂ ಹೊಡೆಯಬಹುದು. ತಾಗಿತೋ ಇಲ್ಲವೋ ಎಂದಷ್ಟೇ ಅದು ಹೇಳುತ್ತದೆ, ಬಾಗುವಿಕೆ ಹೇಳುವುದಿಲ್ಲ.

ಹಗ್ಗ, ಸಲಾಕೆ ಅಭ್ಯಾಸಕ್ಕೆ ಮಾತ್ರ. 2019ರಿಂದ ಜಾರಿಯಲ್ಲಿರುವ ನಿಯಮದಂತೆ ಸ್ಪರ್ಧೆಯಲ್ಲಿ ಸ್ಟಾನ್ಸ್‌ಗೆ ನೆರವಾಗಲೆಂದು ಕ್ಲಬ್ಬನ್ನೇ ನೆಲಕ್ಕಿಟ್ಟು ಅಳೆದು ನಿಂತರೂ, ಹೊಡೆಯುವ ಮೊದಲು ಎತ್ತಿಟ್ಟರೂ ದಂಡ ತಪ್ಪುವುದಿಲ್ಲ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಅದು 2 ಸ್ಟ್ರೋಕ್.