ಹಳೇ ಜಾವಾ ಕೊಳ್ಳುವ ಮೊದಲು ನಂಬರ್ ನೋಡಿ, ಬಣ್ಣ ಆಮೇಲೆ

ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಗ್ಯಾರೇಜಿಗೆ ಹಳೇ ಜಾವಾ, ಬುಲೆಟ್ ಬೈಕ್ ತಂದು ನಿಲ್ಲಿಸಿ "ಕಾಕಾ, ಒರಿಜಿನಲ್ ಐತಲ್ರಿ?" ಅಂತ ಕೇಳುವ ಹುಡುಗರು ಜಾಸ್ತಿ. ಅವರು ಟ್ಯಾಂಕಿನ ಕ್ರೋಮ್ ತೋರಿಸುತ್ತಾರೆ. ನಾನು ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪುಸ್ತಕ, ಕೇಳುತ್ತೇನೆ.

ಗಾಡಿಯ ಗುರುತು ಎಂದರೆ ಲೋಹದಲ್ಲಿ ಕೊರೆದ ನಂಬರ್. ಜಾವಾದಲ್ಲಿ ಚಾಸಿ (ಗಾಡಿಯ ಚೌಕಟ್ಟು) ನಂಬರ್ ಹ್ಯಾಂಡಲ್ ಕೂರುವ ಕೊಳವೆಯ ಹತ್ತಿರ ಇರುತ್ತದೆ, ಎಂಜಿನ್ ನಂಬರ್ ಎಡಗಡೆ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ ಲೋಹದ ಕವಚ) ಮೇಲೆ. ರಿವೆಟ್ ಹೊಡೆದ ತಗಡಿನ ಪ್ಲೇಟನ್ನು ಮಾತ್ರ ನಂಬಬೇಡಿ. ಹೊಸ ಪ್ಲೇಟ್ ಯಾರು ಬೇಕಾದರೂ ಮಾಡಿಸುತ್ತಾರೆ. ಐವತ್ತು ವರ್ಷದ ಗಾಡಿಗೆ ಫಳಫಳ ಹೊಳೆಯುವ ರಿವೆಟ್ ಎಲ್ಲಿಂದ ಬಂತು ಅಂತ ಕೇಳಿ.

ನೋಡುವುದು ಹೀಗೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಜಿಡ್ಡು ತೆಗೆಯಿರಿ. ಸ್ಯಾಂಡ್‌ಪೇಪರ್ ಮುಟ್ಟಬೇಡಿ, ನಂಬರ್ ಸವೆದರೆ ಮತ್ತೆ ಬರಲ್ಲ. ತೆಳು ಹಾಳೆ ಅಂಟಿಸಿ, ಪೆನ್ಸಿಲ್ ಓರೆ ಹಿಡಿದು ಹಗುರಾಗಿ ತಿಕ್ಕಿ. ಆರ್‌ಟಿಓ ಏಜೆಂಟರು ಚಾಸಿ ಪ್ರಿಂಟ್ ತೆಗೆಯುವುದೂ ಹೀಗೇ. ಕಣ್ಣಿಗೆ ಕಾಣದ್ದು ಹಾಳೆಯಲ್ಲಿ ಕಾಣುತ್ತದೆ: ಹಳೇ ಅಂಕಿಯ ನೆರಳು, ಗ್ರೈಂಡರ್ ಎಳೆದ ಗೆರೆ, ಸುತ್ತಲಿಗಿಂತ ತಗ್ಗಾದ ಜಾಗ. ಒಂದು ಅಂಕಿ ಚೂರು ಸೊಟ್ಟ ಇದ್ದರೆ ಗಾಬರಿ ಬೇಡ, ಆ ಕಾಲದಲ್ಲಿ ಕೈಯಲ್ಲಿ ಪಂಚ್ ಹೊಡೆದದ್ದೂ ಉಂಟು. ತಗ್ಗಾದ ಜಾಗ ಕಂಡರೆ ಮಾತ್ರ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.

ಪ್ರಿಂಟನ್ನು ಆರ್‌ಸಿ ಜೊತೆ ಅಂಕಿಗೆ ಅಂಕಿ ಹೋಲಿಸಿ. ಮೋಟಾರು ವಾಹನ ಕಾಯ್ದೆ 1988ರ 55ನೇ ಕಲಂ ಪ್ರಕಾರ ಎರಡೂ ಬೇರೆ ಇದ್ದರೆ, ಮಾಲೀಕನಿಗೆ ಹೇಳಿಕೊಳ್ಳಲು ಅವಕಾಶ ಕೊಟ್ಟು ಆರ್‌ಟಿಓ ನೋಂದಣಿ ರದ್ದು ಮಾಡಬಹುದು. ಎಂಜಿನ್ ಬದಲಾಗಿದ್ದರೆ ಅದೇ ಕಳ್ಳತನವಲ್ಲ. ಬದಲಿಸಿದ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಅದು ಆರ್‌ಸಿಯಲ್ಲಿ ಏರಿರಬೇಕು. ಗುಜರಿಯಿಂದ ಪ್ಲೇಟ್, ಪುಸ್ತಕ ತಂದು ಬೇರೆ ಗಾಡಿಗೆ ಹೊಂದಿಸುವವರಿದ್ದಾರೆ. ಅದಕ್ಕೆ ರಿಸ್ಟೋರೇಷನ್ ಅನ್ನುವುದು ಸುಮ್ನೆ ಬಾಯಿಮಾತು. ಕಳುವಿನ ಗಾಡಿ ಅಂತ ಪೊಲೀಸರು ಬಂದರೆ ನಿಲ್ಲುವುದು ನಿಮ್ಮ ಅಂಗಳದಲ್ಲೇ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ನಡೆಸುವ, ಕಳುವಾದ ಗಾಡಿ ಹುಡುಕುವ 'ವಾಹನ್ ಸಮನ್ವಯ'ದಲ್ಲಿ ಆನ್‌ಲೈನ್ ನಂಬರ್ ಹಾಕಿ ನೋಡಿಬಿಡಿ.

ಪೇಂಟರ್‌ಗೆ ಕೊಡುವ ಮುಂಚೆ ನಂಬರಿನ ಫೋಟೋ ಹೊಡೆದುಕೊಳ್ಳಿ, ಆ ಜಾಗಕ್ಕೆ ನೀವೇ ಟೇಪ್ ಹಚ್ಚಿ. ಪೌಡರ್ ಕೋಟಿಂಗ್ (ಪುಡಿ ಬಣ್ಣ ಕಾಯಿಸಿ ಕೂರಿಸುವುದು) ದಪ್ಪ ಕೂತರೆ ಅಂಕಿ ಮುಚ್ಚಿಹೋಗುತ್ತದೆ. ಅವರು "ಬಿಡ್ರಿ, ನಾವು ನೋಡ್ಕೋತೀವಿ" ಅಂತಾರೆ. ಬಿಡಬೇಡಿ.

ವಿಂಟೇಜ್ ನೋಂದಣಿ ಎಲ್ಲರಿಗೂ ಬೇಕಿಲ್ಲ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ; ಆಮೇಲೆ ಮರುನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಬರುತ್ತದೆ. ಮೊದಲೇ ನೋಂದಣಿ ಇದ್ದ ಗಾಡಿಗೆ ಹಳೇ ನಂಬರೇ ಉಳಿಸಿಕೊಳ್ಳಬಹುದು. ಆದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಮಾತ್ರ ರಸ್ತೆಗಿಳಿಸಬೇಕು. ದಿನಾ ಧಾರವಾಡಕ್ಕೆ ಡ್ಯೂಟಿಗೆ ಹೋಗುವವರು ಈ ಗೊಡವೆಗೆ ಹೋಗದೆ, ಇರುವ ಆರ್‌ಸಿಯನ್ನೇ ರಿನ್ಯೂ ಮಾಡಿಸಿಕೊಳ್ಳಿ.