ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರಿನಲ್ಲಿಲ್ಲ: ಗ್ರಂಥಾಲಯದ ಕ್ಯಾಟಲಾಗ್ ನೋಡಿಕೊಳ್ಳುವುದು ಹೇಗೆ?

ಕಾಸರಗೋಡಿನ ಕಡೆಯ ಗ್ರಂಥಾಲಯಗಳ ಕಪಾಟು ನೋಡಿ. ಒಂದು ಸಾಲು ಕನ್ನಡ, ಪಕ್ಕದಲ್ಲಿ ಮಲಯಾಳಂ, ಕೆಳಗೆ ಇಂಗ್ಲಿಷ್. ನಡುವೆ ಕನ್ನಡ ಲಿಪಿಯಲ್ಲೇ ಅಚ್ಚಾದ ತುಳು, ಕೊಂಕಣಿ ಪುಸ್ತಕಗಳು. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಓದಲು ಬಾರದೆ ಇರಬಹುದು. ಪುಸ್ತಕ ಕೇಳಿ ಬಂದವರಿಗೆ ಮಲಯಾಳಂ ಬಾರದೆ ಇರಬಹುದು. ಇಂಥ ಊರಲ್ಲಿ ಸಾಫ್ಟ್‌ವೇರ್ ಕೈಕೊಟ್ಟು ಕ್ಯಾಟಲಾಗ್ ಕೆಡುವುದು ಅಪರೂಪ. ಒಂದೇ ಹೆಸರನ್ನು ನಾಲ್ಕು ಜನ ನಾಲ್ಕು ಥರ ಬರೆದು ಕೆಡಿಸುವುದೇ ಜಾಸ್ತಿ.

ಇಲ್ಲಿ ಹೇಳುವುದೆಲ್ಲ ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಕೊಹಾ ಎಂಬ ಸಾಫ್ಟ್‌ವೇರನ್ನು ಮನಸ್ಸಿನಲ್ಲಿಟ್ಟುಕೊಂಡು. 1999ರಲ್ಲಿ ನ್ಯೂಜಿಲೆಂಡಿನಲ್ಲಿ ಶುರುವಾದದ್ದು, ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ, ಕಾಲೇಜುಗಳಲ್ಲೂ ಸಾರ್ವಜನಿಕ ಗ್ರಂಥಾಲಯಗಳಲ್ಲೂ ಬಳಕೆಯಲ್ಲಿದೆ. ನಿಮ್ಮಲ್ಲಿ ಬೇರೆ ಸಾಫ್ಟ್‌ವೇರ್ ಇದ್ದರೆ ಮೆನುವಿನ ಹೆಸರು ಬೇರೆ ಇರುತ್ತದೆ, ಕೆಲಸ ಅದೇ.

ಮೊದಲು ಹೆಸರು ಗಟ್ಟಿ ಮಾಡಿ

ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ಪುಸ್ತಕ ನಮ್ಮ ಕಡೆಯ ಗ್ರಂಥಾಲಯಗಳಲ್ಲಿ ಇಲ್ಲದಿರುವುದು ಕಷ್ಟ. ಆದರೆ ಹೆಸರು? ಕಿಞ್ಞಣ್ಣ, ಕಿಂಞಣ್ಣ, ಕಿಂಞ್ಞಣ್ಣ. ಒಬ್ಬರು ಕಯ್ಯಾರ ಎಂದರೆ ಇನ್ನೊಬ್ಬರು ಕೈಯಾರ. ಮನುಷ್ಯ ಇದನ್ನೆಲ್ಲ ಒಬ್ಬರದೇ ಹೆಸರು ಎಂದು ಓದಿಕೊಳ್ಳುತ್ತಾನೆ. ಕಂಪ್ಯೂಟರಿಗೆ ಇವರು ಬೇರೆ ಬೇರೆ ಲೇಖಕರು. ಒಂದು ಥರ ಟೈಪ್ ಮಾಡಿ ಹುಡುಕಿದವರಿಗೆ ಎರಡು ಪುಸ್ತಕ, ಇನ್ನೊಂದು ಥರ ಹುಡುಕಿದವರಿಗೆ ಐದು ಪುಸ್ತಕ ಕಾಣುತ್ತದೆ. ಪೂರ್ತಿ ಪಟ್ಟಿ ಯಾರಿಗೂ ಸಿಗುವುದಿಲ್ಲ.

ಇದಕ್ಕೆ ಮದ್ದು ಅಥಾರಿಟಿ ರೆಕಾರ್ಡ್, ಅಂದರೆ ಒಬ್ಬರ ಹೆಸರಿನ ಎಲ್ಲ ರೂಪಗಳನ್ನು ಒಂದೇ ಕಡೆ ಕಟ್ಟಿಡುವ ದಾಖಲೆ. ಇದನ್ನು ಬರೆಯುವುದು ಮಾರ್ಕ್ ಎಂಬ ನಮೂನೆಯಲ್ಲಿ, ಅದರಲ್ಲಿ ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಸಂಖ್ಯೆಯ ಟ್ಯಾಗ್ ಇರುತ್ತದೆ. ಲೇಖಕರಿಗೆ ಒಂದು ರೆಕಾರ್ಡ್ ಮಾಡಿ, 100ನೇ ಟ್ಯಾಗಿನಲ್ಲಿ ನೀವು ಒಪ್ಪಿಕೊಂಡ ರೂಪ ಬರೆಯಿರಿ. ಹುಟ್ಟಿದ, ತೀರಿಹೋದ ವರ್ಷವನ್ನೂ ಹಾಕಿ. ಗೋವಿಂದ ಪೈ ಎಂಬ ಹೆಸರಿನವರು ಇನ್ನೊಬ್ಬರಿದ್ದರೆ 1883-1963 ಎಂಬ ವರ್ಷಗಳೇ ಮಂಜೇಶ್ವರದ ಕವಿಯನ್ನು ಗುರುತಿಸಿಕೊಡುತ್ತವೆ. ಉಳಿದ ರೂಪಗಳನ್ನೆಲ್ಲ 400ನೇ ಟ್ಯಾಗಿನಲ್ಲಿ ಒಂದೊಂದಾಗಿ ಸೇರಿಸಿ. ಎಂ. ಗೋವಿಂದ ಪೈ, ಮಂಜೇಶ್ವರ ಗೋವಿಂದ ಪೈ, ಜೊತೆಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು, ಮಲಯಾಳಂ ಲಿಪಿಯಲ್ಲಿ ಒಂದು. ಗಡಿನಾಡಿನಲ್ಲಿ ಈ ಕೊನೆಯ ಎರಡನ್ನು ಬಿಡಲೇಬೇಡಿ. ಕನ್ನಡ ಓದಲು ಬಾರದ ಸಿಬ್ಬಂದಿ ಕೂಡ ಕನ್ನಡ ಲೇಖಕರ ಪುಸ್ತಕ ಹುಡುಕಿಕೊಡುವುದು ಇದರಿಂದಲೇ.

ಇಲ್ಲೊಂದು ತೊಡಕಿದೆ. 400ರಲ್ಲಿ ಬರೆದದ್ದು ತಾನಾಗಿ ಪುಸ್ತಕದ ಹುಡುಕಾಟಕ್ಕೆ ಸೇರುವುದಿಲ್ಲ. ಸಿಸ್ಟಮ್ ಪ್ರಿಫರೆನ್ಸ್‌ನಲ್ಲಿ 'ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್' ಎಂಬ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ ಒಮ್ಮೆ ಪೂರ್ತಿ ರೀಇಂಡೆಕ್ಸ್ ಮಾಡಿಸಬೇಕು, ಅಂದರೆ ಹುಡುಕಾಟದ ಪಟ್ಟಿಯನ್ನು ಹೊಸದಾಗಿ ಕಟ್ಟಿಸಬೇಕು. ಪುಸ್ತಕದ ರೆಕಾರ್ಡಿನ ಲೇಖಕರ ಹೆಸರನ್ನೂ ಟೈಪ್ ಮಾಡದೆ ಅಥಾರಿಟಿಯಿಂದಲೇ ಆರಿಸಬೇಕು. ಎರಡರಲ್ಲಿ ಒಂದು ಬಿಟ್ಟರೂ ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ.

ಶೀರ್ಷಿಕೆಯದೂ ಇದೇ ಕತೆ. 245ರಲ್ಲಿ ಪುಸ್ತಕದ ಒಳಪುಟದಲ್ಲಿರುವಂತೆ ಕನ್ನಡದಲ್ಲೇ ಬರೆಯಿರಿ. 246ರಲ್ಲಿ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಎರಡು ಲಿಪಿಗಳನ್ನು ಜೋಡಿಸಲು 880 ಎಂಬ ಟ್ಯಾಗ್ ಇದೆ, ನಿಯಮದ ಪ್ರಕಾರ ಅದೇ ಸರಿ. ಆದರೆ ಒಬ್ಬರೋ ಇಬ್ಬರೋ ನಡೆಸುವ ಗ್ರಂಥಾಲಯಕ್ಕೆ 246 ಸಾಕು ಎಂಬುದು ನನ್ನ ಅಭಿಪ್ರಾಯ.

ತುಳು ಪುಸ್ತಕಕ್ಕೆ ಲಿಪಿ ನೋಡಿ ಕನ್ನಡ ಎಂದು ಭಾಷೆ ಹಾಕಿಬಿಡುವುದುಂಟು. ಹಾಗೆ ಮಾಡಿದರೆ ತುಳು ಪುಸ್ತಕ ಎಷ್ಟಿವೆ ಎಂದು ಕೇಳಿದಾಗ ಕಂಪ್ಯೂಟರ್ ಸೊನ್ನೆ ತೋರಿಸುತ್ತದೆ. ಮಾರ್ಕ್‌ನ ಸಂಕೇತಪಟ್ಟಿಯಲ್ಲಿ ತುಳುವಿಗೆ ಅದರದೇ ಸಂಕೇತ ಇಲ್ಲ, ಇತರ ದ್ರಾವಿಡ ಭಾಷೆಗಳ ಗುಂಪಿನ ಡಿ-ಆರ್-ಎ ಹಾಕಬೇಕು. 041ರಲ್ಲಿ ಐಎಸ್‌ಒ 639-3 ಎಂಬ ಭಾಷಾಸಂಕೇತಗಳ ಪಟ್ಟಿಯ ಟಿ-ಸಿ-ವೈ ಎಂಬ ತುಳುವಿನ ಸಂಕೇತವನ್ನೂ ಸೇರಿಸಿದರೆ ಬೇರೆ ಮಾಡಿ ಎಣಿಸಬಹುದು.

ಕಣ್ಣಿಗೆ ಕಾಣದ ತಪ್ಪುಗಳು

ಹಳೆ ಪಟ್ಟಿಯನ್ನು ಡಿಟಿಪಿಯವರ ಹತ್ತಿರ ಟೈಪ್ ಮಾಡಿಸಿದ್ದರೆ ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಆಗಿರದೆ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನ ಅಕ್ಷರ ಆಗಿರಬಹುದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮೊದಲು ನೋಡಿ. ಹಳೆ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತಾರೆ, ಯೂನಿಕೋಡಿನಲ್ಲಿ ರ್ ಮೊದಲು ಬರುತ್ತದೆ. ಎಡವಟ್ಟು ಆಗುವುದೇ ಅಲ್ಲಿ.

ಇನ್ನೊಂದು ತಪ್ಪು ಇದಕ್ಕಿಂತ ಕಳ್ಳ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿರುತ್ತಾರೆ. 'ಕುಂಬಳೆ' ಮತ್ತು 'ಕು೦ಬಳೆ' ಎರಡನ್ನೂ ನೋಡಿ. ಎರಡನೆಯದರಲ್ಲಿರುವುದು ಅಂಕಿ. ಎಷ್ಟು ಸಲ ಓದಿದರೂ ಗೊತ್ತಾಗುವುದಿಲ್ಲ, ಆದರೆ ಹುಡುಕಿದರೆ ಸಿಗುವುದಿಲ್ಲ. ಶೀರ್ಷಿಕೆಗಳ ಪಟ್ಟಿಯನ್ನು ಲಿಬ್ರೆಆಫೀಸಿಗೆ ತಂದು ಆ ಅಂಕಿಯನ್ನೇ ಫೈಂಡ್‌ನಲ್ಲಿ ಹಾಕಿ ನೋಡಿ. ಎಷ್ಟು ಸಿಗುತ್ತವೆ ಎಂದು ಆಶ್ಚರ್ಯವಾಗಬಹುದು.

ಇಂಟರ್ನೆಟ್ಟಿನಿಂದ ಕಾಪಿ ಮಾಡಿ ಅಂಟಿಸಿದ ಹೆಸರಿನ ಕೊನೆಯಲ್ಲಿ ಕಾಣದ ಚಿಹ್ನೆಯೊಂದು ಅಂಟಿಕೊಂಡು ಬರುವುದೂ ಇದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ವೇ ಒತ್ತಾಗದಂತೆ ನಡುವೆ ಹಾಕುವ ಚಿಹ್ನೆ ಅದು. ನಡುವೆ ಇದ್ದರೆ ಅದಕ್ಕೆ ಕೆಲಸ ಇದೆ. 'ಕುಮಾರ್' ಪದದ ಕೊನೆಯಲ್ಲಿ ಕೂತರೆ ಸುಮ್ನೆ ತೊಂದರೆ. ಹೊಸಬರಿಗೆ ಒಂದೇ ಮಾತು ಹೇಳಿಕೊಡಿ: ಹೆಸರನ್ನು ಟೈಪ್ ಮಾಡಿ, ಅಂಟಿಸಬೇಡಿ.

ಎಕ್ಸೆಲ್ ಮೂಲಕ ಪಟ್ಟಿ ಹಾಕುವವರು ಎರಡು ವಿಷಯ ನೆನಪಿಡಿ. ಐಎಸ್‌ಬಿಎನ್ ಮತ್ತು ಬಾರ್‌ಕೋಡ್ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಎಂದು ಇಡಿ. ಇಲ್ಲವಾದರೆ 13 ಅಂಕಿಯ ಐಎಸ್‌ಬಿಎನ್ '9.78E+12' ಎಂದು ಕುಗ್ಗಿ ಕೂರುತ್ತದೆ, ಬಾರ್‌ಕೋಡಿನ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. ಸೇವ್ ಮಾಡುವಾಗ ಕನ್ನಡ ಅಕ್ಷರ ಕೆಡದಂತೆ ಯುಟಿಎಫ್-8 ಆರಿಸಿ.

ಕೌಂಟರಿನಿಂದ ಬರುವ ದೂರು

"ಸಾರ್, ಸಿಸ್ಟಮ್ ಸರಿ ಇಲ್ಲ." ಹೆಚ್ಚಿನ ದೂರು ಬರುವುದು ಹೀಗೆ. ಏನು ಸರಿ ಇಲ್ಲ? ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಏನು ಟೈಪ್ ಮಾಡಿದಿರಿ, ಪರದೆಯಲ್ಲಿ ಏನು ಬಂತು, ಪುಸ್ತಕದ ಬಾರ್‌ಕೋಡ್ ಯಾವುದು, ಈ ಮೂರನ್ನು ಬರೆಯಲಿ. ಮಲಯಾಳಂನಲ್ಲಿ ಬರೆದರೂ ನಡೆಯುತ್ತದೆ. ಹೋಗಿ ನೋಡುವಾಗ ಮೌಸ್ ನೀವು ಕಿತ್ತುಕೊಳ್ಳಬೇಡಿ. "ಚೇಚಿ, ಆಗ ಮಾಡಿದ ಹಾಗೇ ಇನ್ನೊಂದು ಸಲ ಮಾಡಿ" ಎಂದು ಹೇಳಿ ಪಕ್ಕದಲ್ಲಿ ನಿಲ್ಲಿ. ಅರ್ಧ ಸಮಸ್ಯೆ ಅಲ್ಲೇ ಕಾಣಿಸುತ್ತದೆ.

ಬಾರ್‌ಕೋಡ್ ಹಿಡಿಯುತ್ತಿಲ್ಲ ಎಂದರೆ ಸ್ಕ್ಯಾನರಿಗೆ ಬೈಯುವ ಮೊದಲು ಕೀಬೋರ್ಡ್ ಯಾವ ಭಾಷೆಯಲ್ಲಿದೆ ನೋಡಿ. ಕಂಪ್ಯೂಟರಿಗೆ ಸ್ಕ್ಯಾನರ್ ಅಂದರೆ ಇನ್ನೊಂದು ಕೀಬೋರ್ಡ್ ಅಷ್ಟೆ. ಈಗಷ್ಟೇ ಕನ್ನಡ ಪುಸ್ತಕ ಎಂಟ್ರಿ ಮಾಡಿ ಎದ್ದವರು ಕನ್ನಡ ಕೀಬೋರ್ಡನ್ನು ಹಾಗೇ ಬಿಟ್ಟಿದ್ದರೆ ಬಾರ್‌ಕೋಡಿನ ಮುಂದಿರುವ ಇಂಗ್ಲಿಷ್ ಅಕ್ಷರ ಕನ್ನಡ ಅಕ್ಷರವಾಗಿ ಬೀಳುತ್ತದೆ. ಅಂಥ ಪುಸ್ತಕವೇ ಇಲ್ಲ ಎನ್ನುತ್ತದೆ ಕೊಹಾ. ಅದರ ತಪ್ಪೇನೂ ಇಲ್ಲ ಅಲ್ವಾ?

ಬೆಳಿಗ್ಗೆ ಎಂಟ್ರಿ ಮಾಡಿದ ಪುಸ್ತಕ ಸಂಜೆಯಾದರೂ ಹುಡುಕಾಟದಲ್ಲಿ ಬರುತ್ತಿಲ್ಲವೇ? ಮತ್ತೆ ಎಂಟ್ರಿ ಮಾಡಬೇಡಿ, ಒಂದೇ ಪುಸ್ತಕದ ಎರಡು ರೆಕಾರ್ಡ್ ಹುಟ್ಟುವುದು ಹೀಗೆಯೇ. ಕೊಹಾದಲ್ಲಿ ಮಾಹಿತಿ ಇರುವುದು ಒಂದು ಕಡೆ, ಹುಡುಕುವ ಕೆಲಸ ಮಾಡುವುದು ಝೀಬ್ರಾ ಅಥವಾ ಎಲಾಸ್ಟಿಕ್‌ಸರ್ಚ್ ಎಂಬ ಇನ್ನೊಂದು ಎಂಜಿನ್. ಕರೆಂಟ್ ಹೋಗಿ ಬಂದ ಮೇಲೆ ಇಂಡೆಕ್ಸ್ ಮಾಡುವ ಸೇವೆ ಮತ್ತೆ ಶುರುವಾಗದೆ ನಿಂತಿರಬಹುದು. ಸರ್ವರ್ ನೋಡಿಕೊಳ್ಳುವವರಿಗೆ ಅದನ್ನೇ ಹೇಳಿ. ಕನ್ನಡ ಪದ ಮಾತ್ರ ಸರಿಯಾಗಿ ಸಿಗುತ್ತಿಲ್ಲ, ಇಂಗ್ಲಿಷಿಗೆ ತೊಂದರೆ ಇಲ್ಲ ಎಂದಾದರೆ ಝೀಬ್ರಾಕ್ಕೆ ಐಸಿಯು ಇಂಡೆಕ್ಸಿಂಗ್ (ಯೂನಿಕೋಡ್ ಪದಗಳನ್ನು ಸರಿಯಾಗಿ ಓದಿಕೊಳ್ಳುವ ವ್ಯವಸ್ಥೆ) ಹಾಕಿದ್ದಾರೆಯೇ ಎಂದು ಕೇಳಿ. ನಮ್ಮ ಲಿಪಿಗಳಿಗೆ ಅದು ಬೇಕು.

ಎರಡು ರೆಕಾರ್ಡ್ ಆಗಿಹೋಗಿದ್ದರೆ ಅಳಿಸಲು ಹೊರಡಬೇಡಿ. ಎರಡನ್ನೂ ಆರಿಸಿ ಮರ್ಜ್ ಮಾಡಿ. ಚೆನ್ನಾಗಿರುವ ರೆಕಾರ್ಡ್ ಉಳಿಸಿಕೊಂಡರೆ ಇನ್ನೊಂದರ ಪ್ರತಿಗಳು ಅದರ ಅಡಿಗೆ ಬರುತ್ತವೆ. ಅದಕ್ಕೂ ಮೊದಲು ಆವೃತ್ತಿ, ಪ್ರಕಾಶಕರು, ವರ್ಷ ನೋಡಿಕೊಳ್ಳಿ. ಹೆಸರು ಒಂದೇ ಆದರೂ ಬೇರೆ ಆವೃತ್ತಿಯಾದರೆ ಬೇರೆ ರೆಕಾರ್ಡೇ ಇರಬೇಕು.

ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರ್ ಇಶ್ಯೂ ಆಗಿದೆ ಎನ್ನುತ್ತದೆ ಎಂದರೆ ವಾಪಸ್ ಬಂದ ಪುಸ್ತಕವನ್ನು ಯಾರೋ ಕಂಪ್ಯೂಟರಿನಲ್ಲಿ ರಿಟರ್ನ್ ಮಾಡದೆ ಕಪಾಟಿನಲ್ಲಿ ಇಟ್ಟಿದ್ದಾರೆ. ಚೆಕ್ ಇನ್ ಮಾಡಿ, ದಂಡ ಬಿದ್ದಿದ್ದರೆ ತೆಗೆಯಿರಿ.

ಮಳೆಗಾಲದಲ್ಲಿ ಇನ್ನೊಂದು ಗಲಾಟೆ. ಜಿಲ್ಲಾಧಿಕಾರಿಗಳು ರಾತ್ರಿ ಹೊತ್ತಿಗೆ ಶಾಲಾ ಕಾಲೇಜುಗಳಿಗೆ ರಜೆ ಎನ್ನುತ್ತಾರೆ. ಮರುದಿನ ಪುಸ್ತಕ ಕೊಡಬೇಕಾದ ಮಕ್ಕಳು ಏನು ಮಾಡಬೇಕು? ಕಾಲೇಜು ಗ್ರಂಥಾಲಯದವರು ಕ್ಯಾಲೆಂಡರಿನಲ್ಲಿ ರಜೆ ಸೇರಿಸುತ್ತಾರೆ, ಅಲ್ಲಿಗೆ ಆಯಿತು ಎಂದುಕೊಳ್ಳುತ್ತಾರೆ. ಆದರೆ ಆಗಲೇ ಇಶ್ಯೂ ಆದ ಪುಸ್ತಕಗಳ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. 'ಬ್ಯಾಚ್ ಎಕ್ಸ್‌ಟೆಂಡ್ ಡ್ಯೂ ಡೇಟ್ಸ್' ಎಂಬ ಟೂಲಿನಲ್ಲಿ ಆ ದಿನದ ಗಡುವುಗಳನ್ನು ಒಟ್ಟಿಗೆ ಮುಂದೂಡಬೇಕು. ಓಣಂ, ವಿಷುವಿನಂಥ ರಜೆಗಳನ್ನು ವರ್ಷದ ಶುರುವಿನಲ್ಲೇ ಹಾಕಿಟ್ಟರೆ ಅಷ್ಟು ಕೆಲಸ ಕಡಿಮೆ.

ಲಾಗಿನ್ ಮತ್ತು ಬ್ಯಾಕಪ್

ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವುದು ಬೇಡ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಿ. ಇಶ್ಯೂ ರಿಟರ್ನ್ ಮಾಡುವವರಿಗೆ ರೆಕಾರ್ಡ್ ಅಳಿಸುವ ಅನುಮತಿ ಯಾಕೆ?

ಲಿನಕ್ಸಿನಲ್ಲಿ ಪ್ಯಾಕೇಜ್ ಮೂಲಕ ಹಾಕಿದ ಕೊಹಾ ದಿನಾ ಬ್ಯಾಕಪ್ ಮಾಡುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ ಇಡುತ್ತದೆ. ಸಿಡಿಲಿಗೆ ಕಂಪ್ಯೂಟರ್ ಸುಟ್ಟರೆ ಬ್ಯಾಕಪ್ಪೂ ಹೋಯಿತು. ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿಗೆ, ಇನ್ನೊಂದು ಕಟ್ಟಡದಿಂದ ಹೊರಗೆ ಹೋಗಲಿ. ಆಗಾಗ ಬೇರೊಂದು ಕಂಪ್ಯೂಟರಿನಲ್ಲಿ ಆ ಬ್ಯಾಕಪ್ಪಿನಿಂದ ಕೊಹಾ ಎಬ್ಬಿಸಿ, ನಾಲ್ಕು ಕನ್ನಡ ಪುಸ್ತಕ ಹುಡುಕಿ ನೋಡಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ, ಜೂನ್‌ನಲ್ಲಿ ಅಲ್ಲ.

ಸ್ಟಾಕ್ ವೆರಿಫಿಕೇಶನ್‌ಗೆ ಇನ್ವೆಂಟರಿ ಟೂಲ್ ಇದೆ. ಕಪಾಟಿನ ಬಾರ್‌ಕೋಡುಗಳನ್ನೆಲ್ಲ ಸ್ಕ್ಯಾನ್ ಮಾಡಿದ ಫೈಲ್ ಹಾಕಿದರೆ ಯಾವುದು ಕಾಣೆಯಾಗಿದೆ ಎಂದು ಪಟ್ಟಿ ಕೊಡುತ್ತದೆ. ಕಾಣದ ಪುಸ್ತಕವನ್ನು ಅಳಿಸದೆ ಲಾಸ್ಟ್ ಎಂದು ಗುರುತು ಹಾಕಿ, ಸ್ಟಾಕ್ ರಿಜಿಸ್ಟರಿನಲ್ಲೂ ಬರೆಯಿರಿ. ಮಲಯಾಳಂ ಕಪಾಟಿನ ಹಿಂದಿನ ಸಾಲನ್ನು ಒಮ್ಮೆ ತೆಗೆದು ನೋಡಿ. ಕಾಣೆಯಾದ ಕನ್ನಡ ಪುಸ್ತಕಗಳು ಅಲ್ಲಿರುವುದೂ ಉಂಟು.