ಟೇಬಲ್ ಸಾ ಪಕ್ಕಕ್ಕೊಂದು ರೌಟರ್ ಟೇಬಲ್: ನಾನು ಮಾಡಿಕೊಂಡ ಬಗೆ

ರೌಟರ್ ಎಂದರೆ ವೇಗವಾಗಿ ತಿರುಗುವ ಬಿಟ್‌ನಿಂದ (ಕೊರೆಯುವ ಅಲಗಿನಿಂದ) ಕಟ್ಟಿಗೆಯಲ್ಲಿ ತೋಡು ತೆಗೆಯುವ ಯಂತ್ರ. ಅದನ್ನು ಹಲಗೆಯ ಕೆಳಗೆ ತಲೆಕೆಳಗಾಗಿ ತೂಗುಬಿಟ್ಟರೆ ರೌಟರ್ ಟೇಬಲ್. ಈಗ ನನ್ನ ಟೇಬಲ್ ಸಾ (ಮೇಜಿನ ನಡುವೆ ಬ್ಲೇಡ್ ತಿರುಗುವ ಗರಗಸ) ಬಲಬದಿಗೆ ಇರುವುದು ನಾನು ಮಾಡಿದ ಎರಡನೆಯದು. ಮೊದಲನೆಯದಕ್ಕೆ ಮೇಲ್ಬದಿಗೆ ಮಾತ್ರ ಸನ್‌ಮೈಕಾ ಹಚ್ಚಿದ್ದೆ. ಕಲಬುರಗಿಯ ಬೇಸಿಗೆಯಲ್ಲಿ ಸರಿಯಾಗಿತ್ತು. ಮಳೆಗಾಲದಲ್ಲಿ ಬರಿಯ ಕೆಳಬದಿ ತೇವ ಕುಡಿದು ಹಿಗ್ಗಿತು, ಮೇಲ್ಬದಿ ಹಿಗ್ಗಲಿಲ್ಲ. ಹಲಗೆ ಪರಾತದಂತೆ ನಡುವೆ ತಗ್ಗಾಯಿತು. ತಗ್ಗು ಒಂದೇ ಮಿ.ಮೀ. ಇದ್ದರೂ ಉದ್ದನೆಯ ಪಟ್ಟಿ ಎರಡೂ ಅಂಚಿನ ಮೇಲೆ ಕೂತು ನಡುವೆ ಎತ್ತಿ ನಿಲ್ಲುತ್ತದೆ, ತೋಡಿನ ಆಳ ಒಂದೇ ಸಮ ಬರುವುದಿಲ್ಲ. ಹಾಗಾಗಿ ಸನ್‌ಮೈಕಾ ಎರಡೂ ಬದಿಗೆ ಬೇಕೇ ಬೇಕು, ನಾಲ್ಕು ಅಂಚಿಗೆ ವಾರ್ನಿಶ್ ಕೂಡ.

ಹಲಗೆಯ ಅಳತೆ 560 × 400 ಮಿ.ಮೀ. 18 ಮಿ.ಮೀ. ಪ್ಲೈವುಡ್ ಎರಡು ತುಂಡು ಅಂಟಿಸಿ 36 ಮಾಡಿದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ರೌಟರ್ ತೂಕಕ್ಕೆ ಕ್ರಮೇಣ ಜೋಲಬಹುದು. ಅಂಟಿಸುವಾಗ ಕೆಳಗೆ ಇಟ್ಟದ್ದು ಟೇಬಲ್ ಸಾ ಯಂತ್ರದ ಬೀಡುಕಬ್ಬಿಣದ ಟೇಬಲ್ಲನ್ನೇ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಅಂಗಡಿಯಲ್ಲಿ ಅದಕ್ಕಿಂತ ಸಮತಟ್ಟಾದ ಜಾಗ ಇನ್ನೊಂದಿಲ್ಲ. ಭಾರಕ್ಕೆ ಶಹಾಬಾದ್ ಕಲ್ಲು ಹೇರಬಹುದು, ಆದರೆ ಅದರ ಮೇಲೆ ಇಟ್ಟು ಅಂಟಿಸಬಾರದು. ಕಣ್ಣಿಗೆ ಸಮ ಕಂಡರೂ ಪಟ್ಟಿ ಇಟ್ಟರೆ ಉಬ್ಬುತಗ್ಗು ಗೊತ್ತಾಗುತ್ತದೆ. ಮೇ ತಿಂಗಳಿನ 42 ಡಿಗ್ರಿಯಲ್ಲಿ ಫೆವಿಕಾಲ್ ಹರಡಿ ಮುಗಿಸುವುದರೊಳಗೆ ಮೊದಲು ಹಚ್ಚಿದ್ದು ಕೆನೆಗಟ್ಟುತ್ತದೆ. ನಸುಕಿನಲ್ಲೇ ಮಾಡಿ, ಕ್ಲ್ಯಾಂಪ್‌ಗಳನ್ನು ಮೊದಲೇ ತೆರೆದಿಟ್ಟುಕೊಳ್ಳಿ.

ರೌಟರ್ ತೂಗುಬಿಡುವ ಪ್ಲೇಟಿಗೆ 10 ಮಿ.ಮೀ. ಹೈಲಂ ಶೀಟ್ (ರಾಳ ಹಾಕಿ ಒತ್ತಿದ ಗಟ್ಟಿ ಹಾಳೆ), 300 × 230. ರೌಟರ್‌ನ ಕರಿ ಪ್ಲಾಸ್ಟಿಕ್ ತಳ ಬಿಚ್ಚಿ, ಅದನ್ನೇ ಅಚ್ಚಾಗಿಟ್ಟು ತೂತುಗಳ ಗುರುತು ಹಾಕಿದೆ. ಪ್ಲೇಟ್ ಕೂರುವ ತಗ್ಗಿಗೆ ಬೇರೆ ಅಚ್ಚು ಬೇಕಿಲ್ಲ. ಪ್ಲೇಟನ್ನೇ ಹಲಗೆಯ ಮೇಲಿಟ್ಟು ಸುತ್ತ ನಾಲ್ಕು ನೇರ ಪಟ್ಟಿ ಬಿಗಿದು, ಪ್ಲೇಟ್ ತೆಗೆದು, ಮೇಲೆ ಬೇರಿಂಗ್ ಇರುವ 12 ಮಿ.ಮೀ. ಬಿಟ್ಟನ್ನು ಪಟ್ಟಿಗೆ ಒತ್ತಿ ಓಡಿಸಿದೆ. ಬಿಟ್ ಬಿಡುವ ಮೂಲೆ 6 ಮಿ.ಮೀ. ದುಂಡಗಿರುತ್ತದೆ, ಪ್ಲೇಟಿನ ಮೂಲೆಗಳನ್ನೂ ಅಷ್ಟೇ ಅರದಿಂದ ದುಂಡಾಗಿಸಬೇಕು. ತಗ್ಗಿನ ಆಳ 12 ಮಿ.ಮೀ., ಮೂರು ಸಲಕ್ಕೆ. ಸುತ್ತ 12 ಮಿ.ಮೀ. ಅಂಚು ಉಳಿಸಿ ಒಳಭಾಗವನ್ನು ಜಿಗ್ ಸಾದಿಂದ ಕತ್ತರಿಸಿದೆ.

ಆಳ 2 ಮಿ.ಮೀ. ಹೆಚ್ಚು ಇಟ್ಟದ್ದಕ್ಕೆ ಕಾರಣವಿದೆ. ಪ್ಲೇಟಿನ ನಾಲ್ಕು ಮೂಲೆಗೆ 4.2 ಮಿ.ಮೀ. ತೂತು ಕೊರೆದು ಎಂ5 ಟ್ಯಾಪ್ ಹೊಡೆದು (5 ಮಿ.ಮೀ. ಸ್ಕ್ರೂ ಕೂರಲು ಒಳಗೆ ಸುರುಳಿ ಗೆರೆ ಕೊರೆದು), ತಲೆಯಿಲ್ಲದ ಅಲೆನ್ ಸ್ಕ್ರೂ ಹಾಕಿದ್ದೇನೆ. ಅವುಗಳನ್ನು ತಿರುಗಿಸಿದರೆ ಪ್ಲೇಟ್ ಏಳುತ್ತದೆ, ಇಳಿಯುತ್ತದೆ. ಸ್ಕ್ರೂ ತುದಿ ಪ್ಲೈವುಡ್ ಒಳಗೆ ಇಳಿಯದಂತೆ ಕೆಳಗೆ ತೆಳ್ಳನೆಯ ಸ್ಟೀಲ್ ವಾಷರ್ ಇಟ್ಟು ಅರಾಲ್ಡೈಟ್‌ನಿಂದ ಅಂಟಿಸಿದೆ.

ಸಾಕ್ಕೆ ಜೋಡಿಸಲು 40 × 40 × 5 ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ). ವೆಲ್ಡಿಂಗ್ ಅಂಗಡಿಯಲ್ಲಿ ಅದರ ತೂತುಗಳನ್ನು ದುಂಡಗೆ ಹೊಡೆಸದೆ, ಎಂ8 ಬೋಲ್ಟಿಗೆ 9 × 14 ಅಳತೆಯಲ್ಲಿ ಎತ್ತರಕ್ಕೆ ಉದ್ದ ಮಾಡಿಸಿ. ಮಟ್ಟ ಹಿಡಿಯಲು ಆಸ್ಪದ ಸಿಗುವುದು ಅಲ್ಲೇ. ಹೊರಗಿನ ಎರಡು ಮೂಲೆಗೆ ತಿರುಗಿಸುವ ಬೋಲ್ಟ್ ಇರುವ ಕಾಲು ಕೊಡಿ. ಹಲಗೆ, ರೌಟರ್ ಸೇರಿ ಹತ್ತು ಕಿಲೋ ಹತ್ತಿರ ಬರುತ್ತದೆ.

ಸಾದ ಫೆನ್ಸಿಗೇ (ಕಟ್ಟಿಗೆಯನ್ನು ಒರಗಿಸಿ ದೂಡುವ ನೇರ ಪಟ್ಟಿಗೇ) 75 ಮಿ.ಮೀ. ಎತ್ತರದ ಪ್ಲೈ ಪಟ್ಟಿ ಬಿಗಿದು, ಬಿಟ್ ಹೋಗಲು ಕಿಂಡಿ ಬಿಟ್ಟರೆ ರೌಟರಿಗೂ ಫೆನ್ಸ್ ಆಯಿತು. ಫೆನ್ಸ್ ಬಿಟ್ಟಿನ ಆಚೆ ಇರಲಿ, ನೀವು ಈಚೆ ನಿಂತು ಕಟ್ಟಿಗೆಯನ್ನು ಬಲದಿಂದ ಎಡಕ್ಕೆ ದೂಡಿ. ಬಿಟ್ ಮತ್ತು ಫೆನ್ಸ್ ನಡುವೆ ಕಟ್ಟಿಗೆ ತೂರಿಸಿದರೆ ಕೈಯಿಂದ ಕಿತ್ತುಕೊಂಡು ಹಾರುತ್ತದೆ. ಸಾದ ಬ್ಲೇಡ್ ಆಗ ಟೇಬಲ್ ಕೆಳಗೆ ಇಳಿದಿರಬೇಕು, ಪ್ಲಗ್ ಹೊರಗಿರಬೇಕು.

ರೌಟರ್ ಬಟನ್ ಲಾಕ್ ಮಾಡಿ ಕೆಲಸ ಮಾಡುವುದರಿಂದ, ಕರೆಂಟ್ ಹೋಗಿ ಬಂದಾಗ ಅದು ತಾನೇ ತಿರುಗಲು ಶುರುವಾಗುತ್ತದೆ. ಬಿಟ್ ಬದಲಿಸುತ್ತಿರುವಾಗ ಹಾಗಾದರೆ ಬೆರಳು ಉಳಿಯುವುದಿಲ್ಲ. ಕರೆಂಟ್ ಬಂದರೂ ಮತ್ತೆ ಒತ್ತುವವರೆಗೆ ಚಾಲೂ ಆಗದ ನೋ-ವೋಲ್ಟ್ ಸ್ವಿಚ್ ಟೇಬಲ್ ಮುಂದೆ ಹಾಕಿಸಿ, ಬಿಟ್ ಬದಲಿಸುವಾಗ ಪ್ಲಗ್ಗನ್ನೂ ಕೀಳಿ. 50 ಮಿ.ಮೀ. ಅಗಲದ ಬಿಟ್ ಹಾಕಿದರೆ ವೇಗ ನಿಮಿಷಕ್ಕೆ 12,000 ಸುತ್ತಿಗಿಂತ ಮೇಲೆ ಬೇಡ.

ಜೂನ್ ಮಳೆ ಬಿದ್ದ ಮೇಲೊಮ್ಮೆ, ಮಾರ್ಚ್ ಬಿಸಿಲು ಏರಿದಾಗೊಮ್ಮೆ ನಾಲ್ಕು ಅಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ಸಾ ಮತ್ತು ಹಲಗೆ ಎರಡರ ಮೇಲೂ ಅಡ್ಡ ಇಟ್ಟು ಹಿಂದಿನಿಂದ ಬೆಳಕು ಹಿಡಿಯುತ್ತೇನೆ. ಬೆಳಕಿನ ಗೆರೆ ಎಲ್ಲಿ ಕಂಡರೆ ಅಲ್ಲಿನ ಎಂ8 ಸಡಿಲಿಸಿ, ಹಲಗೆ ಸರಿಸಿ, ಮತ್ತೆ ಬಿಗಿಯುತ್ತೇನೆ.